ಬೆಳಕಿಂಡಿಯ ಧೂಳು, ಬೆಳಕಿನ ಚಿಮಟ

ವೈಶಾಖದ ಬಿಸಿಲಿನಲ್ಲಿ ರಾಯಚೂರಿನಿಂದ ದೇವದುರ್ಗಕ್ಕೆ ಹೊರಡುವವನು ಮದುವೆಯ ಊಟಕ್ಕೆ ಹೊರಟಿರಬೇಕು, ಇಲ್ಲವೆ ಅಕ್ಕನ ಮಾತನ್ನು ಮೀರಲಾರದೆ ಹೊರಟಿರಬೇಕು. ನಾನು ಹೋದುದು ಎರಡನೆಯ ಕಾರಣಕ್ಕಾಗಿ. ಅಕ್ಕನದು ತೊಲೆ ಜಂತಿಗಳ ಮೇಲೆ ಮಣ್ಣು ಹೊದಿಸಿದ ಹಳೆಯ ಮಾಳಿಗೆಯ ಮನೆ. ಊಟ ಮುಗಿಸಿ ಪಡಸಾಲೆಯಲ್ಲಿ ಚಾಪೆ ಹಾಸಿಕೊಳ್ಳುವ ಹೊತ್ತಿಗೆ ಸರಿಯಾಗಿ ವಿದ್ಯುತ್ತು ಹೋಯಿತು, ಪಂಖ ನಿಂತಿತು. ನೆತ್ತಿಯ ಮೇಲಿನ ಬೆಳಕಿಂಡಿಯಿಂದ ಒಂದು ಬಿಸಿಲುಕೋಲು ಇಳಿದು ಶಹಾಬಾದಿ ಕಲ್ಲಿನ ನೆಲದ ಮೇಲೆ ಊರಿ ನಿಂತಿತ್ತು. ಅದರೊಳಗೆ ಧೂಳಿನ ಕಣಗಳು ಏರುತ್ತಿದ್ದವು, ಇಳಿಯುತ್ತಿದ್ದವು, ಒಂದನ್ನೊಂದು ಸುತ್ತುತ್ತಿದ್ದವು.

ಅಕ್ಕನ ಮೊಮ್ಮಗನಿಗೆ ಎಂಟು ವರ್ಷ. ಅವನು ಆ ಬಿಸಿಲುಕೋಲಿಗೆ ಕೈಹಾಕಿ, ಮುಷ್ಟಿ ಬಿಗಿದು, ನೆರಳಿಗೆ ಓಡಿಬಂದು, ಬೆರಳು ಬಿಡಿಸಿ ನೋಡುತ್ತಿದ್ದ. ಮುಷ್ಟಿಯಲ್ಲಿ ಏನೂ ಇರುತ್ತಿರಲಿಲ್ಲ. ನಾಲ್ಕಾರು ಬಾರಿ ಹೀಗಾದ ಮೇಲೆ ನನ್ನ ಚಾಪೆಯ ಬಳಿ ಬಂದು ಕುಳಿತ.

“ಅಜ್ಜಾ, ಇಷ್ಟು ಧೂಳದಾಗ ಒಂದೇ ಒಂದು ಕಣ ಹಿಡೀಲಿಕ್ಕೆ ಬರ್ತದೇನು?”

ಬರುತ್ತದೆ ಎಂದೆ. ಹೇಗೆ ಎಂದ. ಬೆಳಕಿನಿಂದಲೇ ಹಿಡಿಯುತ್ತಾರೆ ಎಂದೆ. ಅಲ್ಲಿಗೆ ನನ್ನ ಮಧ್ಯಾಹ್ನದ ನಿದ್ದೆ ಮುಗಿಯಿತು. ಅವನಿಗೆ ಹೇಳಿದುದನ್ನೇ, ಸ್ವಲ್ಪ ಹೆಚ್ಚು ಕ್ರಮವಾಗಿ, ಈ ವಾರ ವಾಚಕರ ಮುಂದೆ ಇಡುತ್ತಿದ್ದೇನೆ.

ಬೆಳಕಿಂಡಿಯ ಧೂಳನ್ನು ಕುತೂಹಲದಿಂದ ನೋಡಿದವರಲ್ಲಿ ಈ ಹುಡುಗ ಮೊದಲನೆಯವನಲ್ಲ. ಮನುಸ್ಮೃತಿಯಲ್ಲಿ ತೂಕಗಳ ಲೆಕ್ಕ ಹೇಳುವಲ್ಲಿ, ಕಿಟಕಿಯ ಜಾಲರಿಯ ಮೂಲಕ ಬಂದ ಬಿಸಿಲಿನಲ್ಲಿ ಕಾಣುವ ಧೂಳಿನ ಕಣವನ್ನೇ ಮೊದಲ ಅಳತೆಯಾಗಿ ಇಟ್ಟುಕೊಂಡಿದ್ದಾರೆ. ಅದರ ಹೆಸರು ತ್ರಸರೇಣು; ಅಲುಗಾಡುವ ಧೂಳು ಎಂದರ್ಥ. ನ್ಯಾಯ ವೈಶೇಷಿಕದವರು ಅದನ್ನೂ ಒಡೆದು, ಆರು ಪರಮಾಣುಗಳು ಕೂಡಿ ಒಂದು ತ್ರಸರೇಣುವಾಯಿತೆಂದು ಎಣಿಸಿದರು. ಇಂದಿನ ಲೆಕ್ಕದಲ್ಲಿ ಅಂಥ ಒಂದು ಕಣದೊಳಗಿನ ಪರಮಾಣುಗಳನ್ನು ಕೋಟಿ ಕೋಟಿಗಳಲ್ಲಿ ಎಣಿಸಬೇಕಾದೀತು. ಆದರೂ ಕಣ್ಣಿಗೆ ಕಾಣುವುದರ ಕಟ್ಟಕಡೆಯ ಅಂಚು ಎಲ್ಲಿದೆಯೆಂದು ಹುಡುಕಿ, ಅದನ್ನು ಬಿಸಿಲುಕೋಲಿನಲ್ಲಿ ಕಂಡುಕೊಂಡುದು ಸಣ್ಣ ಮಾತಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಬೇಕು. ಆ ಧೂಳು ಕುಣಿಯುವುದು ಗಾಳಿಯಿಂದ. ಕಾದ ನೆಲದಿಂದ ಮೇಲೇಳುವ ಗಾಳಿ, ನಮ್ಮ ಉಸಿರು, ಅಡಿಗೆಮನೆಯಲ್ಲಿ ಅಕ್ಕ ಓಡಾಡಿದಾಗ ಬೀಸುವ ಸೆರಗು, ಇವೇ ಅದನ್ನು ಕುಣಿಸುತ್ತವೆ. ಬೆಳಕು ಅದನ್ನು ತೋರಿಸುತ್ತದೆ. ಹಾಗಾದರೆ ಬೆಳಕು ಅದನ್ನು ಮುಟ್ಟುವುದೇ ಇಲ್ಲವೆ? ಮುಟ್ಟುತ್ತದೆ, ಮುಟ್ಟಿ ತಳ್ಳುತ್ತದೆ ಕೂಡ.

ಧೂಮಕೇತುವಿನ ಬಾಲ ಯಾವಾಗಲೂ ಸೂರ್ಯನಿಗೆ ವಿಮುಖವಾಗಿ ಚಾಚಿರುವುದನ್ನು ಕುರಿತು ಯೋಚಿಸಿದ ಕೆಪ್ಲರನು, ಸೂರ್ಯನ ಕಿರಣಗಳೇ ಅದನ್ನು ಹಾಗೆ ತಳ್ಳುತ್ತಿರಬೇಕೆಂದು 17ನೆಯ ಶತಮಾನದ ಆರಂಭದಲ್ಲಿಯೇ ಊಹಿಸಿದನು. 1873ರಲ್ಲಿ ಮ್ಯಾಕ್ಸ್‌ವೆಲ್ಲನು ಆ ತಳ್ಳುವಿಕೆ ಎಷ್ಟಿರಬೇಕೆಂಬುದನ್ನು ಗಣಿತದಿಂದ ತೋರಿಸಿದನು. ಮಾಸ್ಕೋದಲ್ಲಿ ಲೆಬೆಡೆವ್ ಎಂಬಾತನು ಅದನ್ನು ಪ್ರಯೋಗದಲ್ಲಿ ಅಳೆದು 1901ರಲ್ಲಿ ಪ್ರಕಟಿಸಿದನು. ಆ ಬಲ ಎಷ್ಟು ಅಲ್ಪವೆಂಬುದನ್ನು ತಿಳಿಯಲು ನಮ್ಮ ಮಾನ್ವಿಗೇ ಹೋಗೋಣ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಬೆಳೆದ ಭತ್ತದ ಗದ್ದೆ, ಒಂದು ಚದರ ಕಿಲೋಮೀಟರಿನಷ್ಟು, ಅಂದರೆ 247 ಎಕರೆ, ನಮ್ಮ ಮುಂದೆ ಹರಡಿದೆಯೆಂದು ಇಟ್ಟುಕೊಳ್ಳಿರಿ. ನಡು ಹಗಲಿನ ಬಿಸಿಲು ಅಷ್ಟೂ ನೆಲದ ಮೇಲೆ ಬಿದ್ದು ಹೀರಿಹೋದರೆ, ಅದು ಇಡೀ ಗದ್ದೆಯನ್ನು ಒತ್ತುವ ಬಲ ಸುಮಾರು 340 ಗ್ರಾಂ ತೂಕಕ್ಕೆ ಸಮ. ರಾಯಚೂರಿನ ಬಿಸಿಲು ತಲೆಯ ಮೇಲೆ ಕಲ್ಲು ಹೇರಿದಂತಿರುತ್ತದೆ ಎನ್ನುವ ನಾವೆಲ್ಲ ಈ ಲೆಕ್ಕವನ್ನು ಕೇಳಿ ಸ್ವಲ್ಪ ನಾಚಬೇಕು.

ಇದನ್ನು ಕೇಳಿದ ಹುಡುಗನು ಒಳಗೆ ಹೋಗಿ, ಜಾತ್ರೆಯಲ್ಲಿ ಕೊಂಡ ಲೇಸರ್ ಪೆನ್ನನ್ನು ತಂದ. ಅದರ ಕೆಂಪು ಗೆರೆಯನ್ನು ಧೂಳಿನೊಳಕ್ಕೆ ಹಾಯಿಸಿದ. ಕಣಗಳು ಕಿಡಿಗಳಂತೆ ಮಿನುಗಿ, ತಮ್ಮ ಪಾಡಿಗೆ ತಾವು ಹೋದವು. (ಅದನ್ನು ಯಾರ ಕಣ್ಣಿಗೂ ಹಿಡಿಯಕೂಡದೆಂದು ಗದರಿಸಿದೆ. ಮಕ್ಕಳ ಕೈಗೆ ಇಂಥ ಪೆನ್ನು ಕೊಡಿಸಿದ ತಂದೆತಾಯಿಗಳೂ ಇದನ್ನು ಗಮನಿಸಬೇಕು. ಕಣ್ಣಿನ ಅಕ್ಷಿಪಟಕ್ಕೆ ತಗಲಿದರೆ ಅದು ಮಾಡುವ ಗಾಯ ಮಾಯದೆ ಹೋಗಬಹುದು.) ಆದರೆ ಹುಡುಗನ ಪ್ರಯತ್ನ ಮೂರ್ಖತನದ್ದಲ್ಲ. ಅಂಥ ಪೆನ್ನು 5 ಮಿಲಿವಾಟ್ ಬೆಳಕು ಕೊಡುತ್ತದೆಂದು ಹಿಡಿದು ಲೆಕ್ಕ ಹಾಕಿದರೆ, ಆ ಬೆಳಕೆಲ್ಲವನ್ನೂ ಒಂದೇ ಒಂದು ಕಣದ ಮೇಲೆ ಕೂಡಿಸಲು ಸಾಧ್ಯವಾದಲ್ಲಿ, ಒಂದು ಮಿಲಿಮೀಟರಿನ ನೂರರಲ್ಲಿ ಒಂದು ಪಾಲಿನಷ್ಟು ಅಗಲವಾದ ಧೂಳಿನ ಕಣವನ್ನು ಎತ್ತಿ ನಿಲ್ಲಿಸುವಷ್ಟು ಬಲ ಅದರಲ್ಲಿದೆ! ಬಿಸಿಲು ಅದೇ ಕಣವನ್ನು ತಳ್ಳುವುದು ಅದರ ತೂಕದ ಹತ್ತಾರು ಸಾವಿರದಲ್ಲಿ ಒಂದು ಪಾಲಿನಷ್ಟು ಬಲದಿಂದ ಮಾತ್ರ. ಎಲ್ಲವೂ ಬೆಳಕನ್ನು ಕೂಡಿಸುವುದರಲ್ಲಿದೆ. ಲೇಸರಿನ ಗುಣವೇ ಅದು: ಅದರ ಕಿರಣಗಳನ್ನು ಮಸೂರದಿಂದ ಅತಿ ಸಣ್ಣ ಚುಕ್ಕೆಗೆ ಕೂಡಿಸಬಹುದು.

ಅದನ್ನು ಮಾಡಿದವರು ಅಮೆರಿಕದ ಆರ್ಥರ್ ಆಶ್ಕಿನ್. ಅವರು ನ್ಯೂಜೆರ್ಸಿಯ ಬೆಲ್ ಪ್ರಯೋಗಶಾಲೆಯಲ್ಲಿದ್ದರು. ನೀರಿನಲ್ಲಿ ತೇಲುವ ಅತಿ ಸಣ್ಣ ಪ್ಲಾಸ್ಟಿಕ್ ಮಣಿಗಳ ಮೇಲೆ ಲೇಸರ್ ಹಾಯಿಸಿದಾಗ, ಎಣಿಸಿದಂತೆ ಮಣಿಗಳು ಮುಂದಕ್ಕೆ ಓಡಿದುವು. ಎಣಿಸದಿದ್ದ ಇನ್ನೊಂದು ಸಂಗತಿಯೂ ನಡೆಯಿತು: ಅಂಚಿನಲ್ಲಿದ್ದ ಮಣಿಗಳು ಬೆಳಕಿನ ನಡುವಿಗೆ ತಾವಾಗಿಯೇ ಸರಿದುಬಂದುವು. ಎದುರುಬದುರಾಗಿ ಎರಡು ಕಿರಣಗಳನ್ನು ಹಾಯಿಸಿದಾಗ ಮಣಿ ನಡುವೆ ನಿಂತುಬಿಟ್ಟಿತು. 1970ರಲ್ಲಿ ಇದು ಪ್ರಕಟವಾಯಿತು. 1986ರಲ್ಲಿ ಅವರೂ ಅವರ ಜೊತೆಗಾರರೂ ಒಂದೇ ಕಿರಣದಿಂದ ಮಣಿಯನ್ನು ಹಿಡಿದು ನಿಲ್ಲಿಸಿದರು. ಬೆಳಕಿನ ಚಿಮಟ ಎಂದು ಈಗ ನಾವು ಕರೆಯುವುದು ಇದನ್ನೇ.

ರಾಯಚೂರಿನ ಪೇಟೆಯಲ್ಲಿ ಪತ್ತಾರನು ಚಿಮಟದಿಂದ ಬಂಗಾರದ ಗುಂಡನ್ನು ಎತ್ತುವುದನ್ನು ನೋಡಿರುವಿರಷ್ಟೆ? ಅವನ ಚಿಮಟಕ್ಕೆ ಎರಡು ಕಾಲುಗಳಿವೆ. ಬೆಳಕಿನ ಚಿಮಟಕ್ಕೆ ಕಾಲುಗಳೆಲ್ಲಿ? ಇದನ್ನು ತಿಳಿಸುವುದಕ್ಕೆ ನಾನು ಹುಡುಗನಿಗೆ ಕೃಷ್ಣೆಯ ಹರಿಗೋಲನ್ನು ನೆನಪಿಸಿದೆ. ಹರಿಗೋಲಿನವನು ಹುಟ್ಟಿನಿಂದ ನೀರನ್ನು ಎಡಕ್ಕೆ ತಳ್ಳಿದರೆ ಹರಿಗೋಲು ಬಲಕ್ಕೆ ಸರಿಯುತ್ತದೆ. ಗಾಜಿನ ಮಣಿಯೂ ಬೆಳಕನ್ನು ಹಾಗೆಯೇ ತಳ್ಳುತ್ತದೆ. ಅದು ಒಂದು ಪುಟ್ಟ ಮಸೂರವಲ್ಲವೆ? ತನ್ನ ಬಲಮಗ್ಗುಲಿಗೆ ಬಿದ್ದ ಕಿರಣವನ್ನು ಎಡಕ್ಕೂ ಎಡಮಗ್ಗುಲಿಗೆ ಬಿದ್ದುದನ್ನು ಬಲಕ್ಕೂ ಬಾಗಿಸುತ್ತದೆ. ಲೇಸರ್ ಕಿರಣ ನಡುವೆ ಪ್ರಖರ, ಅಂಚಿನಲ್ಲಿ ಮಂದ. ಮಣಿ ನಡುವಿನಿಂದ ಎಡಕ್ಕೆ ಜಾರಿದರೆ ಅದರ ಬಲಮಗ್ಗುಲಿಗೆ ಹೆಚ್ಚು ಬೆಳಕು ಬೀಳುತ್ತದೆ. ಆ ಹೆಚ್ಚಿನ ಬೆಳಕನ್ನು ಅದು ಎಡಕ್ಕೆ ತಳ್ಳುತ್ತದೆ. ತಾನು ಬಲಕ್ಕೆ, ಅಂದರೆ ಪುನಃ ನಡುವಿಗೆ, ಸರಿಯುತ್ತದೆ. ಬಲಕ್ಕೆ ಜಾರಿದರೂ ಹೀಗೆಯೇ ಹಿಂದಿರುಗುತ್ತದೆ. ಇನ್ನು ಬೆಳಕಿನ ಹರಿವಿನಲ್ಲಿ ಮುಂದಕ್ಕೆ ಕೊಚ್ಚಿಕೊಂಡು ಹೋಗದಂತೆ ತಡೆಯುವುದೇನು? ಸೂಕ್ಷ್ಮದರ್ಶಕದ ಪ್ರಬಲ ಮಸೂರದಿಂದ ಕಿರಣಗಳು ಸುತ್ತಲಿನಿಂದ ಓರೆಯಾಗಿ ಬಂದು ಒಂದು ಚುಕ್ಕೆಯಲ್ಲಿ ಕೂಡುತ್ತವೆ. ಆ ಚುಕ್ಕೆಯನ್ನು ದಾಟಿದ ಮಣಿ ಓರೆ ಕಿರಣಗಳನ್ನು ನೇರಮಾಡಿ ಮುಂದಕ್ಕೆ ಕಳಿಸುತ್ತದೆ. ಮುಂದಕ್ಕೆ ಕಳಿಸಿದ ತಪ್ಪಿಗೆ ತಾನು ಹಿಂದಕ್ಕೆ ಬರುತ್ತದೆ. ಹೀಗೆ ಸುತ್ತಲೂ ತಡೆ. ಬೆಳಕಿನ ಚುಕ್ಕೆಯನ್ನು ಸರಿಸಿದರೆ ಮಣಿಯೂ ಅದರ ಜೊತೆಗೆ ಸರಿಯುತ್ತದೆ.

ನಿರ್ಜೀವ ಮಣಿಯ ಮಾತು ಇಷ್ಟಾಯಿತು. ಆಶ್ಕಿನ್ನರು ವೈರಸ್ಸುಗಳನ್ನು ಹಿಡಿಯಲು ಹೊರಟಾಗ, ಅವರ ದ್ರಾವಣದಲ್ಲಿ ಕರೆಯದೆ ಬಂದ ಬ್ಯಾಕ್ಟೀರಿಯಾಗಳು ಈಜುತ್ತಿದ್ದುವು. ಚಿಮಟಕ್ಕೆ ಅವೂ ಸಿಕ್ಕಿಬಿದ್ದುವು. ಹಸಿರು ಲೇಸರಿನಲ್ಲಿ ಅವು ಸತ್ತುಹೋದುವು. ಕಣ್ಣಿಗೆ ಕಾಣದ ಅವಕೆಂಪು ಲೇಸರಿಗೆ ಬದಲಾಯಿಸಿದಾಗ ಬದುಕಿದುವು. ಬದುಕಿದ್ದು ಮಾತ್ರವೇ ಏನು, ಸೆರೆಯಲ್ಲಿದ್ದುಕೊಂಡೇ ಸಂತಾನವನ್ನೂ ಬೆಳೆಸಿದುವು. ಇದು 1987ರ ಮಾತು. ಅಂದಿನಿಂದ ಜೀವಕೋಶವನ್ನು ಒಂಟಿಯಾಗಿ, ಜೀವಂತವಾಗಿ, ಗಾಯವಾಗದಂತೆ ಹಿಡಿದು ನೋಡುವ ಹಾದಿ ತೆರೆಯಿತು. ಆಶ್ಕಿನ್ನರಿಗೆ ನೊಬೆಲ್ ಬಹುಮಾನ ಬಂದುದು 2018ರಲ್ಲಿ, ಅವರ 96ನೆಯ ವಯಸ್ಸಿನಲ್ಲಿ. ಅಭಿನಂದಿಸಲು ಕರೆದವರಿಗೆ, ಹೊಸ ಪ್ರಬಂಧವೊಂದರ ಕೆಲಸ ಬಹಳ ಇರುವುದರಿಂದ ಪುರುಸೊತ್ತಿಲ್ಲವೆಂದರಂತೆ. 2020ರಲ್ಲಿ ತೀರಿಕೊಂಡರು.

ಇಷ್ಟರಲ್ಲಿ ಅಕ್ಕನೂ ಕೆಲಸ ಮುಗಿಸಿ ಬಂದು ಕಂಬಕ್ಕೆ ಒರಗಿ ಕುಳಿತಿದ್ದಳು. ಒಂಟಿ ಜೀವಕೋಶವನ್ನು ಹಿಡಿದು ಮಾಡುವುದೇನು ಎಂದು ಕೇಳಿದಳು. ರಕ್ತದ ಕೋಶವನ್ನು ಹಿಡಿದು, ಚಳಿಜ್ವರ ಬಂದಾಗ ಅದು ಏನಾಗುತ್ತದೆಂದು ನೋಡುತ್ತಾರೆ ಎಂದೆ. ಆಕೆ ಸುಮ್ಮನಾದಳು. ಸುಮ್ಮನಾದುದೇಕೆಂದು ನನಗೆ ತಿಳಿದಿತ್ತು.

ನಮ್ಮ ಹಿರಿಯತ್ತಿಗೆ ಮಾನ್ವಿ ತಾಲ್ಲೂಕಿನ ಕಾಲುವೆಯಂಚಿನ ಹಳ್ಳಿಯಲ್ಲಿದ್ದವರು. ಕಾಲುವೆ ಬಂದ ಮೇಲೆ ಆ ಸೀಮೆಗೆ ಭತ್ತ ಬಂತು, ಹೆಂಚಿನ ಮನೆಗಳು ಬಂದುವು, ನಿಂತ ನೀರಿನಲ್ಲಿ ಸೊಳ್ಳೆಯೂ ಬಂತು. ನಾನು ಹೈಸ್ಕೂಲಿನಲ್ಲಿದ್ದ ವರ್ಷ ಅತ್ತಿಗೆಗೆ ಜ್ವರ ಹಿಡಿಯಿತು. ಒಂದು ದಿನ ಬಿಟ್ಟು ಒಂದು ದಿನ ನಾಲ್ಕು ಕಂಬಳಿ ಹೊದಿಸಿದರೂ ನಿಲ್ಲದ ನಡುಕ. ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತ ಬಳಿದುಕೊಂಡು ಹೋದರು. ಮಲೇರಿಯಾ ಹೌದೆಂದು ಬರೆದ ಚೀಟಿ ಮನೆಗೆ ಬರುವ ಹೊತ್ತಿಗೆ ಹದಿಮೂರನೆಯ ದಿನದ ಕಾರ್ಯವೂ ಮುಗಿದಿತ್ತು. ಆ ಚೀಟಿಯನ್ನು ಅಣ್ಣ ಬಹಳ ದಿನ ದೇವರ ಗೂಡಿನಲ್ಲಿ ಇಟ್ಟಿದ್ದ. ಏಕೆ ಇಟ್ಟಿದ್ದನೋ, ನಾವು ಯಾರೂ ಕೇಳಲಿಲ್ಲ.

ಮಲೇರಿಯಾದ ರೋಗಾಣುವನ್ನು ಸೊಳ್ಳೆಯ ಹೊಟ್ಟೆಯಲ್ಲಿ ರೊನಾಲ್ಡ್ ರಾಸ್ ಮೊದಲು ಕಂಡುದು 1897ರ ಆಗಸ್ಟ್ 20ರಂದು, ನಮ್ಮ ರಾಯಚೂರೂ ಆಗ ಸೇರಿದ್ದ ನಿಜಾಮನ ಸೀಮೆಯ ಸಿಕಂದರಾಬಾದಿನಲ್ಲಿ. ಅದು ಮನುಷ್ಯನ ಕೆಂಪು ರಕ್ತಕೋಶವನ್ನು ಹೊಕ್ಕು ಮನೆಮಾಡುತ್ತದೆ. ಆರೋಗ್ಯವಂತ ಕೋಶದ ಅಗಲ ಮಿಲಿಮೀಟರಿನ ಸಾವಿರದಲ್ಲಿ ಏಳೆಂಟು ಪಾಲು. ತನಗಿಂತ ಇಕ್ಕಟ್ಟಾದ ರಕ್ತನಾಳದಲ್ಲಿಯೂ ಅದು ಹಸಿ ಹಿಟ್ಟಿನ ಹಾಗೆ ಮಡಚಿಕೊಂಡು ತೂರಿಹೋಗುತ್ತದೆ. ರೋಗಾಣು ಹೊಕ್ಕ ಕೋಶ ಮೆಲ್ಲಮೆಲ್ಲನೆ ಬಿರುಸಾಗುತ್ತದೆ. ಅದು ಸಣ್ಣ ನಾಳಗಳಲ್ಲಿ ಅಂಟಿಕೊಂಡು, ಮಿದುಳಿನ ರಕ್ತಸಂಚಾರಕ್ಕೇ ತಡೆ ಬಂದಾಗ ಪ್ರಾಣಕ್ಕೆ ಎರವಾಗುತ್ತದೆ. ಎಷ್ಟು ಬಿರುಸಾಗುತ್ತದೆ ಎಂಬುದನ್ನು ಸುಬ್ರ ಸುರೇಶರೂ ಅವರ ಸಂಗಡಿಗರೂ ಬೆಳಕಿನ ಚಿಮಟದಿಂದಲೇ ಅಳೆದು 2005ರಲ್ಲಿ ಪ್ರಕಟಿಸಿದರು. ಕೋಶದ ಎರಡು ತುದಿಗಳಿಗೆ ಗಾಜಿನ ಪುಟ್ಟ ಮಣಿಗಳನ್ನು ಅಂಟಿಸಿ, ಒಂದನ್ನು ನಿಲ್ಲಿಸಿ, ಇನ್ನೊಂದನ್ನು ಲೇಸರಿನಿಂದ ಎಳೆದರು. ಚಪಾತಿಯ ಕಣಕವನ್ನು ಎಳೆದು ಹದ ನೋಡುವಂತೆ. ರೋಗ ಬಲಿತ ಕೋಶ ಹತ್ತು ಪಟ್ಟಿನವರೆಗೂ ಬಿರುಸಾಗಿರುವುದು ಕಂಡುಬಂತು.

ನಮ್ಮ ದೇಶದಲ್ಲಿಯೂ ಇದೇ ಪ್ರಶ್ನೆಯನ್ನು ಎತ್ತಿಕೊಂಡವರಿದ್ದಾರೆ. 2004ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಒಂದು ವಿಚಿತ್ರವನ್ನು ವರದಿಮಾಡಿದರು: ಚಿಮಟದಲ್ಲಿ ಹಿಡಿದಾಗ ಎರಡು ಬಗೆಯ ಕೋಶಗಳೂ ಮಡಚಿಕೊಂಡು ಕಡ್ಡಿಯಂತಾದುವು, ಆದರೆ ಮಲೇರಿಯಾ ತಗಲಿದ ಕೋಶ ಬುಗುರಿಯಂತೆ ಸುತ್ತತೊಡಗಿತು, ಆರೋಗ್ಯವಂತ ಕೋಶ ಸುತ್ತಲಿಲ್ಲ. ಅದೇ ವರ್ಷ ಇಂದೋರಿನ ಪ್ರಯೋಗಶಾಲೆಯವರು ಉಪ್ಪು ಹೆಚ್ಚಾದ ದ್ರಾವಣದಲ್ಲಿಟ್ಟು ನೋಡಿದಾಗ, ಆರೋಗ್ಯವಂತ ಕೋಶವೇ ಚೆನ್ನಾಗಿ ಸುತ್ತಿತು, ರೋಗದ ಕೋಶ ಬಹಳ ನಿಧಾನವಾಗಿ ಸುತ್ತಿತು. (ಆ ಇಂದೋರಿನ ಕೇಂದ್ರಕ್ಕೆ ಈಗ ನಮ್ಮ ತುಮಕೂರಿನ ಕಡೆಯ ರಾಜಾ ರಾಮಣ್ಣನವರ ಹೆಸರಿದೆ.) ಒಂದಕ್ಕೊಂದು ವಿರೋಧವಲ್ಲವೆ ಎಂದು ಕೇಳುವಿರಿ. ದ್ರಾವಣ ಬೇರೆ, ಆದುದರಿಂದ ಕೋಶದ ಆಕಾರ ಬೇರೆ, ಫಲವೂ ಬೇರೆ. ಎರಡೂ ಕಡೆ ನಿಜವಾಗಿ ಉಳಿದುದು ಒಂದೇ ಮಾತು: ಬಣ್ಣ ಹಚ್ಚದೆ, ಕೊಲ್ಲದೆ, ಸುತ್ತುವ ಬಗೆಯನ್ನು ನೋಡಿಯೇ ರೋಗದ ಕೋಶವನ್ನು ಬೇರ್ಪಡಿಸಬಹುದು.

ಮಣಿಪಾಲದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಸರ್ ಸಿ. ವಿ. ರಾಮನ್ನರು 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಕಂಡುಹಿಡಿದ ಪರಿಣಾಮವನ್ನು ವಾಚಕರು ಬಲ್ಲರು. ಒಂದು ವಸ್ತುವಿನ ಮೇಲೆ ಬಿದ್ದು ಚದರಿದ ಬೆಳಕಿನಲ್ಲಿ ಒಂದು ಚೂರು ಬಣ್ಣ ಬದಲಾಯಿಸಿ ಬರುತ್ತದೆ. ಆ ಬದಲಾವಣೆ ವಸ್ತುವಿನೊಳಗಿನ ಅಣುಗಳ ಗುರುತು, ಹೆಬ್ಬೆಟ್ಟಿನ ಗುರುತಿನಂತೆ. ಮಣಿಪಾಲದ ಪ್ರಯೋಗಶಾಲೆಯಲ್ಲಿ ಲೇಸರಿನಿಂದ ಒಂದು ಜೀವಂತ ರಕ್ತಕೋಶವನ್ನು ಹಿಡಿದು ನಿಲ್ಲಿಸಿ, ಅದರಿಂದ ಚದರಿದ ಬೆಳಕಿನಲ್ಲಿ ಈ ಗುರುತನ್ನು ಓದುತ್ತಾರೆ. ಇದಕ್ಕೆ ರಾಮನ್ ಚಿಮಟವೆಂದೇ ಹೆಸರು. ರೋಗಿಯ ನರಕ್ಕೆ ಏರಿಸುವ ದ್ರವಗಳಲ್ಲಿ, ಲವಣಾಂಶ ಹೆಚ್ಚುಕಡಮೆಯಾದ ನೀರಿನಲ್ಲಿ, ಬೆಳ್ಳಿಯ ಅತಿಸೂಕ್ಷ್ಮ ಕಣಗಳ ಸಹವಾಸದಲ್ಲಿ ಆ ಒಂದು ಕೋಶಕ್ಕೆ ಏನಾಗುತ್ತದೆಂದು ಅವರು ಪರಿಶೀಲಿಸಿದ್ದಾರೆ. ಆಸ್ಪತ್ರೆಯಲ್ಲಿ ಬಾಟಲಿಯಿಂದ ಹನಿಹನಿಯಾಗಿ ಇಳಿಯುವ ದ್ರವವನ್ನು ನೋಡುತ್ತಾ ಕುಳಿತ ರಾತ್ರಿಗಳು ಯಾವ ಮನೆಯವರಿಗೆ ಇಲ್ಲ? ಅದು ಒಳಗೆ ಹೋಗಿ ಕೋಶಕ್ಕೆ ಮಾಡುವುದೇನೆಂದು ಕೇಳುವವರು ಇದ್ದಾರೆಂಬುದೇ ನನಗೆ ಸಮಾಧಾನ. ರಾಮನ್ನರು ಬೆಂಗಳೂರಿನಲ್ಲಿ ತೀರಿಕೊಂಡುದು 1970ರ ನವೆಂಬರಿನಲ್ಲಿ; ಆಶ್ಕಿನ್ನರ ಮೊದಲ ಪ್ರಬಂಧ ಬಂದುದೂ ಅದೇ ವರ್ಷ. ಎರಡು ಬೆಳಕುಗಳು ಮುಂದೆ ಒಂದೇ ಯಂತ್ರದಲ್ಲಿ ಕೂಡುವುದನ್ನು ನೋಡಲು ಅವರಿರಲಿಲ್ಲ.

ಬೆಂಗಳೂರಿನ ಒಂದು ಪ್ರಯೋಗವನ್ನು ಹೇಳದೆ ಬಿಟ್ಟರೆ ಹುಡುಗನು ಒಪ್ಪಲಾರ; ಅವನಿಗೆ ಅದೇ ಎಲ್ಲಕ್ಕಿಂತ ಹಿಡಿಸಿತು. ಭಾರತೀಯ ವಿಜ್ಞಾನ ಸಂಸ್ಥೆಯ ಅಜಯ್ ಸೂದ್, ಜಕ್ಕೂರಿನ ನೆಹರು ಕೇಂದ್ರದ ರಾಜೇಶ್ ಗಣಪತಿ ಮತ್ತು ಸಂಗಡಿಗರು 2016ರಲ್ಲಿ ಒಂದೇ ಒಂದು ಮಣಿಯಿಂದ ಎಂಜಿನ್ನು ಮಾಡಿದರು. ಉಗಿಬಂಡಿಯಲ್ಲಿ ಕೊಂತವನ್ನು ಒತ್ತುವ ಬದಲು ಇಲ್ಲಿ ಲೇಸರಿನ ಹಿಡಿತವನ್ನು ಬಿಗಿಮಾಡುವುದು, ಸಡಿಲಿಸುವುದು. ಕಲ್ಲಿದ್ದಲಿನ ಬದಲು ಸುತ್ತಲೂ ಈಜುವ ಬ್ಯಾಕ್ಟೀರಿಯಾಗಳು. ಬೆಚ್ಚಗಾದಾಗ ಅವು ಚುರುಕಾಗಿ ಮಣಿಯನ್ನು ಗುದ್ದುತ್ತವೆ, ತಣ್ಣಗಾದಾಗ ಸೋಮಾರಿಗಳಾಗುತ್ತವೆ. ಆ ಗುದ್ದಾಟದಿಂದಲೇ ಕೆಲಸ ತೆಗೆದರು. ಸಾಧಾರಣ ಎಂಜಿನ್ನಿನ ಲೆಕ್ಕವನ್ನು ಮೀರಿ ಕೆಲಸ ಬಂತೆಂದು ಅವರ ವರದಿ.

“ಆ ಹುಳಕ್ಕ ಪಗಾರ ಕೊಡ್ತಾರೇನು?” ಎಂದು ಹುಡುಗ ಕೇಳಿದ. ತಿಂಡಿ ಮಾತ್ರ ಎಂದೆ.

ಅಕ್ಕ ಅಷ್ಟು ಹೊತ್ತಿನ ಮೇಲೆ ಬಾಯಿ ಬಿಟ್ಟಳು. “ತಮ್ಮಾ, ಈ ನಿನ್ನ ಬೆಳಕಿನ ಚಿಮಟಾ ನಮ್ಮೂರ ದವಾಖಾನಿಗೆ ಬಂದದೇನು?”

ಬಂದಿಲ್ಲ ಎಂದೆ. ಸುಳ್ಳು ಹೇಳಿ ಪ್ರಯೋಜನವೇನು? ಒಂದೊಂದೇ ಕೋಶವನ್ನು ಹಿಡಿದು ನೋಡುವ ಯಂತ್ರಕ್ಕೆ ಅದುರದ ಮೇಜು ಬೇಕು, ಉತ್ತಮ ಸೂಕ್ಷ್ಮದರ್ಶಕ ಬೇಕು, ಕಲಿತ ಕೈ ಬೇಕು. ಒಂದು ಹನಿ ರಕ್ತದಲ್ಲಿ ಕೋಟಿಗಟ್ಟಲೆ ಕೋಶಗಳು. ರೋಗ ಹೇಗೆ ಕೊಲ್ಲುತ್ತದೆಂದು ತಿಳಿಯಲು ಅದು ತಕ್ಕ ಸಾಧನ. ಜ್ವರದವರ ಸಾಲು ನಿಂತ ದವಾಖಾನೆಗೆ ಅದು ತಕ್ಕುದಲ್ಲ. ಅಲ್ಲಿಗೆ ಬಂದಿರುವುದು ಬೇರೆ: ಒಂದು ಹನಿ ರಕ್ತ ಹಾಕಿದರೆ ಕಾಲು ಗಂಟೆ, ಇಪ್ಪತ್ತು ನಿಮಿಷದಲ್ಲಿ ಗೆರೆ ಮೂಡಿಸಿ ಹೇಳುವ ಪುಟ್ಟ ಪಟ್ಟಿ. ಆಶಾ ಕಾರ್ಯಕರ್ತೆಯ ಚೀಲದಲ್ಲಿ ಅದು ಹಿಡಿಸುತ್ತದೆ. ಚಳಿಜ್ವರವೂ ನಮ್ಮ ಸೀಮೆಯಲ್ಲಿ ಮೊದಲಿನಷ್ಟಿಲ್ಲ.

“ಕಾಲು ತಾಸು,” ಎಂದಳು ಅಕ್ಕ. ಮತ್ತೊಮ್ಮೆ, ತನಗೇ ಎಂಬಂತೆ, “ಕಾಲು ತಾಸು” ಎಂದು ಎದ್ದು ಚಹಾ ಕಾಸಲು ಹೋದಳು.

ಬಿಸಿಲುಕೋಲು ಆಗಲೇ ನೆಲವನ್ನು ಬಿಟ್ಟು ಗೋಡೆಯನ್ನು ಹತ್ತಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯವರು ವರ್ಷಕ್ಕೊಮ್ಮೆ ತಮ್ಮ ಬಾಗಿಲನ್ನು ಸಾರ್ವಜನಿಕರಿಗೆ ತೆರೆಯುವುದುಂಟು. ಮುಂದಿನ ಬಾರಿ ಕರೆದುಕೊಂಡು ಹೋಗುತ್ತೇನೆಂದು ಹುಡುಗನಿಗೆ ಮಾತು ಕೊಟ್ಟಿದ್ದೇನೆ. ರಾಯಚೂರಿನಿಂದ ರಾತ್ರಿಯ ರೈಲು, ಕಿಟಕಿಯ ಬಳಿಯ ಸ್ಥಳ ಅವನದು. ಹೊರಡುವಾಗ ಒಂದು ಬೆಂಕಿಪೆಟ್ಟಿಗೆಯಲ್ಲಿ ಪಡಸಾಲೆಯ ಧೂಳನ್ನು ತುಂಬಿಕೊಂಡು ಬರುತ್ತಾನಂತೆ. ಅಲ್ಲಿಯವರಿಗೆ ಹಿಡಿಯಲು ಕಣ ಕಡಮೆ ಬೀಳಬಾರದಲ್ಲ!